ಮೂರನೆಯ ತಂತಿ

ಹದಿನಾಲ್ಕು ತಿಂಗಳಾದ ಮೇಲೆ ರತ್ನಮಾಲಾಳ ಹಣೆಯನ್ನು ಅವಳ ಗಂಡನ ಕೈ ಮುಟ್ಟಿತು.

ಬೆಳಗಿನ ಹತ್ತೂವರೆ ಗಂಟೆ. ಎರಡು ದಿನದಿಂದ ಜ್ವರವಿತ್ತು. ಮನೆಯಲ್ಲಿ ಮಲಗುವುದಕ್ಕಿಂತ ಕೇಂದ್ರದಲ್ಲಿ ಕೂರುವುದೇ ಮೇಲೆಂದು ಬಂದಿದ್ದಳು. ತರಗತಿ ಮುಗಿದು ಎಲ್ಲರೂ ಚಹಾಕ್ಕೆ ಹೋಗಿದ್ದರು. ಮೇಜಿನ ಮೇಲೆ ತೋಳು ಮಡಚಿ, ಅದರ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದ್ದಳು. ಯಾರೋ ಹತ್ತಿರ ಬಂದರು. ನಾಲ್ಕು ಬೆರಳುಗಳ ಹಿಂಬದಿ ಅವಳ ಹಣೆಯ ಎಡತುದಿಗೆ ತಾಗಿ, ಅರ್ಧ ಹಣೆ ದಾಟಿ ನಿಂತಿತು. ಎರಡು ಉಸಿರಿನಷ್ಟು ಹೊತ್ತು. ಆಮೇಲೆ ಕಿರುಬೆರಳು ಮಾತ್ರ ಒಮ್ಮೆ ಮೆಲ್ಲಗೆ ತಟ್ಟಿತು. ಕೈ ಹಿಂದೆ ಸರಿಯಿತು.

"ಮಲಗೈತಿ," ಎಂದಿತು ಒಂದು ಹೆಣ್ಣುದನಿ, ತನಗೆ ತಾನೇ.

ರತ್ನಮಾಲಾ ಕಣ್ಣು ತೆರೆದಳು. ಎದುರಿಗೆ ಸುಕಾಂತಿ ಮಾಝಿ ನಿಂತಿದ್ದಳು. ಒಡಿಶಾದ ರಾಯಗಡದ ಗುಡ್ಡಗಳಿಂದ ನಾಲ್ಕು ತಿಂಗಳ ಹಿಂದೆ ಬಂದ ಹುಡುಗಿ. ಬಂದಾಗ ಕನ್ನಡದ ಒಂದು ಪದವೂ ಅವಳಿಗೆ ತಿಳಿದಿರಲಿಲ್ಲ.

"ಎದ್ರೇನ್ರಿ ಅಕ್ಕಾ? ಮೈ ಕೆಂಡ ಆಗೈತಿ."

"ಇದನ್ನ ಯಾರು ಕಲಿಸಿದ್ರು ನಿನಗ?"

"ಯಾವುದನ್ನ ರೀ?"

"ಹಿಂಗ ಮುಟ್ಟೂದನ್ನ."

ಸುಕಾಂತಿ ತನ್ನ ಬಲಗೈಯನ್ನು ಬೇರೆಯವರ ಸಾಮಾನಿನಂತೆ ತಿರುಗಿಸಿ ನೋಡಿಕೊಂಡಳು. "ಗೊತ್ತಿಲ್ರಿ ಅಕ್ಕಾ. ಕೈ ತಾನ ಹೋತು."

ಗದಗದ ಹೊರಗೆ, ಗಾಳಿಯಂತ್ರಗಳ ಗುಡ್ಡದ ಬುಡದಲ್ಲಿದ್ದ ಆ ಕೈಗಲಿಕೆ ಕೇಂದ್ರ ಹುಟ್ಟಿದ್ದು ಒಂದೇ ಪ್ರಶ್ನೆಯಿಂದ. ಭಾಷೆಯನ್ನು ನಾಲಿಗೆಗೆ ಕಲಿಸುವ ಬದಲು ಕೈಗೆ ಕಲಿಸಿದರೆ ಹೇಗೆ? ಮಗು 'ಬಿಗಿ' ಎಂಬ ಮಾತನ್ನು ಪುಸ್ತಕದಿಂದ ಕಲಿಯುವುದಿಲ್ಲ. ಯಾರೋ ಅದರ ಚಡ್ಡಿಯ ಲಾಡಿ ಕಟ್ಟುವಾಗ ಕಲಿಯುತ್ತದೆ. ಕಂಬ ಹತ್ತುವ ಕೆಲಸಕ್ಕೆ ಪೂರ್ವದ ರಾಜ್ಯಗಳಿಂದ ಜನ ಬರತೊಡಗಿ ವರ್ಷಗಳೇ ಆಗಿದ್ದವು. ಕೆಳಗಿನಿಂದ ಒಬ್ಬ 'ಬಿಡು' ಎಂದು ಕೂಗಿದರೆ ಮೇಲಿದ್ದವನು 'ಹಿಡಿ' ಎಂದುಕೊಂಡು ಆದ ಅನಾಹುತಗಳು ಒಂದೆರಡಲ್ಲ. ಅವರಿಗೆ ಕೆಲಸವೂ ಮಾತೂ ಒಟ್ಟಿಗೆ ಬೇಕಾಗಿದ್ದವು.

ಹೀಗೆ ತೋಳಂಗಿ ಬಂತು. ಮಣಿಕಟ್ಟಿನಿಂದ ಭುಜದವರೆಗೆ ಏರಿಸುವ, ಕಾಲುಚೀಲದಷ್ಟೇ ತೆಳುವಾದ ಬಟ್ಟೆ. ಒಳಗೆ ಕೂದಲೆಳೆಯಂಥ ತಂತುಗಳು. ನುರಿತ ಕೆಲಸಗಾರನ ತೋಳಿನ ಮೇಲಿದ್ದಾಗ ಯಾವ ಸ್ನಾಯು ಯಾವಾಗ ಎಳೆಯಿತೆಂದು ಅದು ಬರೆದುಕೊಳ್ಳುತ್ತದೆ. ಗಂಟಲಿನ ಪಟ್ಟಿ ಅದೇ ಗಳಿಗೆಯ ಮಾತನ್ನು ಹಿಡಿಯುತ್ತದೆ. ಕಲಿಯುವವರ ತೋಳಿಗೆ ಹಾಕಿದರೆ ಹಿಡಿದದ್ದನ್ನು ಹಿಂದಿರುಗಿಸುತ್ತದೆ. ಬಲವಂತವಿಲ್ಲ. ಅಕ್ಕಿಯ ಮೇಲೆ ಅಕ್ಷರ ತಿದ್ದಿಸುವಾಗ ಅಪ್ಪ ಮಗುವಿನ ಬೆರಳು ಹಿಡಿಯುವಷ್ಟೇ ಒತ್ತು, ಜೊತೆಗೆ ಕಿವಿಯಲ್ಲಿ ಆ ಮಾತು. ಇಡೀ ಪಾಠಕ್ಕೆ ನಲವತ್ತು ದಿನ, ಒಂದೇ ಚಲನೆಗೆ ಹತ್ತು ದಿನ ಕಳೆದರೆ ಒತ್ತಿನ ಅಗತ್ಯವಿಲ್ಲ. ಕೈ ತಾನಾಗಿ ಹೋಗುತ್ತದೆ, ಕೈಯ ಹಿಂದೆ ಮಾತು ಬರುತ್ತದೆ.

ಮೊದಲು ತೋಳಂಗಿ ತೊಡಿಸಿದ್ದು ಹುಚ್ಚೀರಪ್ಪ ಮೇಸ್ತ್ರಿಗೆ. ಮೂವತ್ತಾರು ವರ್ಷ ಕಂಬದ ಮೇಲಿದ್ದು ಒಂದು ಬೆರಳಿಗೂ ಗಾಯ ಮಾಡಿಕೊಳ್ಳದ ಮನುಷ್ಯ. ಎಂಟು ದಿನದಲ್ಲಿ ಅವನು ಆಡಿದ್ದು ಹನ್ನೊಂದು ಮಾತು. ಅದರಲ್ಲಿ ನಾಲ್ಕು ತರಗತಿಯಲ್ಲಿ ಹೇಳುವಂಥವಲ್ಲ. ಇದು ಕೆಲಸಕ್ಕೆ ಬಾರದೆಂದು ಅವನ ಶಿಷ್ಯ ಮೈಲಾರಿಯನ್ನು ಹಿಡಿದರು. ಮೈಲಾರಿ ಕಂಬದ ಜೊತೆ ಮಾತಾಡುವವನು. ಇಕ್ಕಳವನ್ನು ಬೈಯುವವನು, ಕಾಗೆಗೆ ಊರಿನ ಸುದ್ದಿ ಹೇಳುವವನು. ಧಾರವಾಡದಲ್ಲಿ ಭಾಷಾಶಾಸ್ತ್ರ ಓದಿ ಕೇಂದ್ರಕ್ಕೆ ಬಂದಿದ್ದ ರತ್ನಮಾಲಾ ಅವನ ಹೆಂಡತಿ. ಅವನ ಹೆಸರು ಸೂಚಿಸಿದ್ದು ಅವಳೇ. ತೋಳಂಗಿ ಏರಿಸಿದ್ದೂ ಅವಳೇ. ಏಳು ತಿಂಗಳು ಅವನ ಕಂಬಗಳ ಬುಡದಲ್ಲಿ ತೊಡೆಯ ಮೇಲೆ ಪರದೆಯಿಟ್ಟುಕೊಂಡು ಕುಳಿತಿದ್ದಳು. ಮೇಲೆ ಅವನು ಮಾತಾಡಿದರೆ ಕೆಳಗೆ ಪರದೆಯ ಮೇಲೆ ಅಕ್ಷರ ಬೀಳುತ್ತಿದ್ದವು.

ಓಣಿಯ ತಂತಿಗಳನ್ನು ಅವನು ಮಕ್ಕಳೆಂದೇ ತಿಳಿದಂತಿತ್ತು. ಕರೆಂಟು ತೆಗೆಸಿ ಮೇಲೆ ಹತ್ತಿದ ಮೇಲೆ, ಕೆಲಸ ಶುರುಮಾಡುವ ಮೊದಲು, ಮೂರು ತಂತಿಗೂ ಒಂದೊಂದು ಸಲ "ಮಲಗೈತಿ" ಅನ್ನುತ್ತಿದ್ದ. ರತ್ನಮಾಲಾ ಅದನ್ನು 'ಸ್ಥಿತಿ ಹೇಳುವ ಮಾತು' ಎಂಬ ಗುಂಪಿಗೆ ಸೇರಿಸಿದ್ದಳು.

ತೋಳಂಗಿಯ ಕೆಲಸ ಮುಗಿದ ತಿಂಗಳಿಗೆ ಅವನು ಸತ್ತ. ಒಂದು ಹಿಟ್ಟಿನ ಗಿರಣಿಯ ಮುಂದಿನ ಕಂಬದ ಮೇಲೆ. ಕರೆಂಟು ಹೋಯಿತೆಂದು ಗಿರಣಿಯವನು ಜನರೇಟರ್ ಹಚ್ಚಿದ್ದ. ಅದರ ವಿದ್ಯುತ್ತು ಹಿಂದಕ್ಕೆ ಹರಿದು ಮೂರನೆಯ ತಂತಿಗೆ ಬಂದಿತ್ತು. ತನಿಖೆಯ ವರದಿ ಇಷ್ಟು ಹೇಳಿ ಸುಮ್ಮನಾಯಿತು. ಗಿರಣಿಯವನು ಮನೆಗೆ ಬಂದು ಅತ್ತೆ ಫಕೀರವ್ವನ ಕಾಲಿಗೆ ಬಿದ್ದ. ರತ್ನಮಾಲಾ ಒಳಗಿನಿಂದ ಹೊರಗೆ ಬರಲಿಲ್ಲ. ಅವನನ್ನು ದ್ವೇಷಿಸುವುದೊಂದೇ ಅವಳಲ್ಲಿ ಬೆಚ್ಚಗೆ ಉಳಿದಿದ್ದ ಜಾಗ.

ಮನುಷ್ಯ ಹೋದ, ಪಾಠ ಉಳಿಯಿತು. ಮುನ್ನೂರ ಹನ್ನೆರಡು ಜನ ಅವನ ಕೈಯಿಂದ ಕನ್ನಡ ಕಲಿತರು. ಜಗ್ಗದ ನಟ್ಟಿಗೆ ಯಾರಾದರೂ "ತಡೀಲೇ ಮಗನ" ಎಂದರೆ ಅದು ಅವನ ರಾಗವೇ. ಅದಕ್ಕೆಲ್ಲ ರತ್ನಮಾಲಾಳ ಕಿವಿ ಮರಗಟ್ಟಿಹೋಗಿತ್ತು. ಹಣೆ ಮಾತ್ರ ಮರಗಟ್ಟಿರಲಿಲ್ಲ.

*

ಆ ಸಂಜೆ ಅವಳು ಒಂದು ತೋಳಂಗಿಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ತಂದಳು. ಪಾಠ ಸಿದ್ಧಪಡಿಸುವವರು ತೊಡಬಾರದೆಂದು ಕೇಂದ್ರದ ನಿಯಮವಿತ್ತು. ಇಷ್ಟು ದಿನ ಅವಳು ತೊಟ್ಟಿರಲಿಲ್ಲ.

ಫಕೀರವ್ವ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದಳು. "ಅದೇನು ಚೀಲದಾಗ?"

"ತೋಳಂಗಿ ರೀ ಅತ್ತಿ."

"ಅವನದ?"

"ಹ್ಞೂಂ."

ಫಕೀರವ್ವ ಇನ್ನೊಂದು ಕಾಯಿ ಒಡೆದಳು. ಬೀಜ ಬಾಯಿಗೂ ಹೋಗಲಿಲ್ಲ, ಮೊರಕ್ಕೂ ಬೀಳಲಿಲ್ಲ. ಅಂಗೈಯಲ್ಲೇ ಉಳಿಯಿತು.

ರತ್ನಮಾಲಾ ಗೋಡೆಗೆ ಒರಗಿ ಕುಳಿತು ತೋಳಂಗಿ ಏರಿಸಿದಳು. 'ಮಲಗೈತಿ' ಎಂಬ ಮಾತಿನ ತುಣುಕನ್ನು ಹುಡುಕಿ ಹಚ್ಚಿದಳು. ಮೊದಲು ಭುಜ ಬೆಚ್ಚಗಾಯಿತು. ಆಮೇಲೆ ತೊಡೆಯ ಮೇಲಿದ್ದ ಕೈ ಎದ್ದಿತು. ಅವಳು ಎತ್ತಲೂ ಇಲ್ಲ, ತಡೆಯಲೂ ಇಲ್ಲ. ಬೆರಳುಗಳು ಮಡಚಿಕೊಂಡು, ಹಿಂಬದಿ ಮುಂದಾಗಿ, ಎದುರಿಗೆ ಚಾಚಿದವು. ಗಾಳಿಯಲ್ಲಿ ನಿಂತವು. ಕಿರುಬೆರಳು ಗಾಳಿಯನ್ನೇ ಒಮ್ಮೆ ತಟ್ಟಿತು.

"ಯಾಕ ಹಂಗ ಗಾಳ್ಯಾಗ ಹುಡಿಕ್ಯಾಡತೈತಿ?" ಎಂದಳು ಫಕೀರವ್ವ.

ರತ್ನಮಾಲಾ ಮತ್ತೆ ಹಚ್ಚಿದಳು. ಈ ಸಲ ತಲೆ ಬಗ್ಗಿಸಿ, ಕೈ ನಿಲ್ಲುವ ಜಾಗಕ್ಕೆ ತನ್ನ ಹಣೆಯನ್ನು ಒಯ್ದಳು. ತನ್ನ ಕೈ ತನ್ನ ಹಣೆಗೆ ತಾಗಿದರೆ ಏನೂ ಅನ್ನಿಸಬಾರದು. ತನಗೆ ತಾನೇ ಕಚಗುಳಿ ಇಟ್ಟುಕೊಂಡಂತೆ. ಆದರೆ ಅನ್ನಿಸಿತು.

ಐದಾರು ಸಲ ಆದ ಮೇಲೆ ಫಕೀರವ್ವ ಮೊರ ಬದಿಗೆ ಸರಿಸಿ, ಸೊಸೆಯ ಎದುರಿಗೆ ಬಂದು ಕುಳಿತಳು. ಸೆರಗಿನಿಂದ ಹಣೆ ಒರೆಸಿಕೊಂಡಳು. "ನನಗೂ ಒಮ್ಮಿ ಮಾಡಸವಾ," ಎಂದಳು.

ಕೈ ಹೋಗಿ ಮುದುಕಿಯ ಹಣೆ ಮುಟ್ಟಿತು. ಅವಳು ಕಣ್ಣು ಮುಚ್ಚಿಯೇ ಕುಳಿತಳು.

"ಇದು ನನ್ನದ ಕೈ," ಎಂದಳು. "ಅಂವ ಸಣ್ಣಂವ ಇದ್ದಾಗ ಖರೇನ ಮಲಗ್ಯಾನೋ, ಆಟ ಕಟ್ಯಾನೋ ಅಂತ ನಾ ಹಿಂಗ ಮುಟ್ಟಿ ನೋಡ್ತಿದ್ದೆ. ಅಂಗೈ ತಾಗಿದ್ರ ಎಚ್ಚರ ಆಗ್ತಿದ್ದ. ಕಿರಬೆರಳು ತಟ್ಟಿದ್ರ ಕಳ್ಳ ನಿದ್ದಿ ಇದ್ರ ನಗ್ತಿದ್ದ."

ಹನ್ನೊಂದು ದಿನ ಹೀಗೇ ನಡೆಯಿತು. ದೀಪ ಹಚ್ಚುವ ಹೊತ್ತಿಗೆ ಫಕೀರವ್ವ ಮುಖ ತೊಳೆದು ಕುಂಕುಮವಿಲ್ಲದ ಹಣೆಯನ್ನು ಒರೆಸಿಕೊಂಡು ಕಾಯುತ್ತಿದ್ದಳು. ಇಬ್ಬರಿಗೂ ಊಟ ಸೇರತೊಡಗಿತು.

*

ಹನ್ನೆರಡನೆಯ ದಿನ ಮಧ್ಯಾಹ್ನ ರತ್ನಮಾಲಾ ಅಭ್ಯಾಸದ ಅಂಗಳಕ್ಕೆ ಹೋದಳು. ಅಲ್ಲಿ ನಿಜದ ಕಂಬಗಳೇ ಇದ್ದವು. ತಂತಿಗಳಲ್ಲಿ ಮಾತ್ರ ಕರೆಂಟಿಲ್ಲ. ಸುಕಾಂತಿ ಮೇಲಿದ್ದಳು. ಪರೀಕ್ಷೆ ಹಿಂದಿನ ವಾರವೇ ಮುಗಿದಿತ್ತು, ಅವಳು ಪಾಸಾಗಿದ್ದಳು. ಸೋಮವಾರ ಕೊಪ್ಪಳದ ಕಡೆ ಕೆಲಸಕ್ಕೆ ಸೇರಬೇಕು. ಯಾರೂ ನೋಡದಿದ್ದಾಗ ಇರುವ ನಿರಾಳದಲ್ಲಿ ತನ್ನ ಊರಿನ ಹಾಡು ಗುನುಗುತ್ತ ಕೆಲಸ ಮಾಡುತ್ತಿದ್ದಳು.

ರತ್ನಮಾಲಾ ಕಂಬದ ಬುಡದಲ್ಲಿ ನಿಂತಳು. ತೊಡೆಯ ಮೇಲೆ ಪರದೆಯಿಲ್ಲದೆ ಕಂಬದ ಮೇಲಿನ ಕೆಲಸವನ್ನು ಅವಳು ನೋಡಿದ್ದು ಅದೇ ಮೊದಲು.

ತಂತಿಯನ್ನು ಕೈಯಲ್ಲಿ ಮುಟ್ಟುವ ಮೊದಲು ಅರ್ಥಿಂಗ್ ರಾಡನ್ನು ಅದಕ್ಕೆ ಸಿಕ್ಕಿಸಬೇಕು. ಒಳಗೆ ಕರೆಂಟು ಉಳಿದಿದ್ದರೆ, ಎಲ್ಲಿಂದಲೋ ಬಂದಿದ್ದರೆ, ರಾಡ್ ಅದನ್ನು ಭೂಮಿಗೆ ಇಳಿಸುತ್ತದೆ. ಮೂರು ತಂತಿಗೆ ಮೂರು ಸಲ. ಕೇಂದ್ರದ ಗೋಡೆಗಳ ಮೇಲೆಲ್ಲ ಬರೆದದ್ದು ಇದನ್ನೇ.

ಸುಕಾಂತಿ ಮೊದಲ ತಂತಿಗೆ ರಾಡ್ ಸಿಕ್ಕಿಸಿದಳು. ಠಣ್.

"ಮಲಗೈತಿ."

ರಾಡ್ ಅಲ್ಲೇ ಉಳಿಯಿತು. ಬಲಗೈ ಎರಡನೆಯ ತಂತಿಗೆ ಹೋಯಿತು. ನಾಲ್ಕು ಬೆರಳಿನ ಹಿಂಬದಿ ತಾಗಿತು, ಎರಡು ಉಸಿರು ನಿಂತಿತು, ಕಿರುಬೆರಳು ತಟ್ಟಿತು.

"ಮಲಗೈತಿ."

ಮೂರನೆಯ ತಂತಿಗೂ ಹಾಗೆಯೇ.

ರತ್ನಮಾಲಾ ಕೂಗಲಿಲ್ಲ. ಯಂತ್ರದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಗಂಡನ ಮೂಲ ಧ್ವನಿಯನ್ನು ಹಚ್ಚಿ ಕಣ್ಣು ಮುಚ್ಚಿದಳು. ಒಂದು ಠಣ್, ಮೂರು 'ಮಲಗೈತಿ'. ಮುಂದಿನ ಕಂಬ. ಒಂದು ಠಣ್, ಮೂರು 'ಮಲಗೈತಿ'. ಯಾರಾದರೂ ಮೇಲಧಿಕಾರಿ ಕೆಳಗೆ ನಿಂತ ದಿನ ಮಾತ್ರ ಮೂರು ಠಣ್. ಸಾವಿರದ ಒಂಬೈನೂರು ಕಂಬಗಳಲ್ಲಿ ಅಂಥ ದಿನಗಳು ಬೆರಳೆಣಿಕೆಯಷ್ಟು. ಯಂತ್ರಕ್ಕೆ ನಿಯಮ ಗೊತ್ತಿಲ್ಲ. ಕೈ ಹೆಚ್ಚು ಸಲ ಮಾಡಿದ್ದನ್ನು ಅದು ಪಾಠವೆಂದು ಹಿಡಿದಿತ್ತು. ಪರೀಕ್ಷೆಯ ದಿನ ಕಲಿತವರ ಮನಸ್ಸು ಎಚ್ಚರವಿರುತ್ತದೆ, ಮೂರಕ್ಕೂ ರಾಡ್ ಹಾಕುತ್ತಾರೆ. ಮನಸ್ಸು ನಿರಾಳವಾದರೆ ಕೈ ತನ್ನ ದಾರಿ ಹಿಡಿಯುತ್ತದೆ. ಮೈಲಾರಿಯ ದಾರಿ.

ಪಾಠಕ್ಕೆ ಧ್ವನಿ ಸಿದ್ಧಮಾಡಿದವಳು ರತ್ನಮಾಲಾ. ತನ್ನ ಹಳೆಯ ಟಿಪ್ಪಣಿ ತೆಗೆದು ನೋಡಿದಳು. ಠಣ್ ಎಂಬ ಸದ್ದಿನ ಎದುರಿಗೆಲ್ಲ ಅವಳದೇ ಕೈಬರಹ: 'ಗದ್ದಲ. ತೆಗೆದುಹಾಕಿ.' ಸಾವಿರಾರು ಸಲ ಕೇಳಿದ್ದಳು, ಒಮ್ಮೆಯೂ ಎಣಿಸಿರಲಿಲ್ಲ. ಅವಳು ಮಾತು ಕಲಿತವಳು; ಮಾತಲ್ಲದ್ದೆಲ್ಲ ಅವಳಿಗೆ ಗದ್ದಲವಾಗಿತ್ತು.

*

ಮೂರು ದಿನ ಅವಳು ಯಾರಿಗೂ ಹೇಳಲಿಲ್ಲ.

ಹೇಳಿದರೆ ಪಾಠವನ್ನು ಅಳಿಸುತ್ತಾರೆ. ಬರೀ ಆ ತುಣುಕನ್ನು ಕತ್ತರಿಸಲು ಬರುವುದಿಲ್ಲ. ಸೀರೆಯ ನಡುವಿನ ಒಂದು ಎಳೆ ಜಗ್ಗಿದಂತೆ ಉಳಿದದ್ದೂ ಬಿಚ್ಚಿಕೊಳ್ಳುತ್ತದೆ. ಹೇಳಿದರೆ ಗಿರಣಿಯವನ ಪಾಪ ಅರ್ಧವಾಗುತ್ತದೆ, ಉಳಿದರ್ಧ ಸತ್ತವನ ಮೇಲೆ ಬರುತ್ತದೆ. ಸಂಜೆ ಅತ್ತೆ ಹಣೆ ಒರೆಸಿಕೊಂಡು ಕಾಯುತ್ತಾಳೆ. ರತ್ನಮಾಲಾ ತೋಳಂಗಿ ತೊಟ್ಟಳು, ಮೂರು ದಿನವೂ. ಆದರೆ ಈಗ ಕೈ ಏಳುವಾಗ ಅದು ಎಲ್ಲಿಗೆ ಹೊರಟಿದೆಯೆಂದು ಅವಳಿಗೆ ಗೊತ್ತಿತ್ತು. ಅದು ಹಣೆಗೆ ಹೊರಟಿರಲಿಲ್ಲ. ಹಣೆ ದಾರಿಯಲ್ಲಿ ಸಿಗುತ್ತಿತ್ತು, ಅಷ್ಟೆ.

ಮೂರನೆಯ ಸಂಜೆ ಕೈ ಎತ್ತುವ ಮೊದಲೇ ಅತ್ತೆಗೆ ಎಲ್ಲವನ್ನೂ ಹೇಳಿದಳು.

ಫಕೀರವ್ವ ಕೇಳಿಸಿಕೊಂಡಳು. ಒಲೆಯ ಮೇಲಿನ ಹಾಲು ಇಳಿಸಿ ಬಂದಳು. "ಆ ಒಡಿಶಾದ ಹುಡುಗಿಗೆ ತಾಯಿ ಅದಾಳೇನು?"

"ಅದಾಳ ರೀ."

"ಅಕೀ ಎಂದು ಕಂಬಾ ಹತ್ತೂದು?"

"ನಾಳೆ."

"ಮತ್ತ ಯಾಕ ಕುಂತಿ?"

ರತ್ನಮಾಲಾ ಎದ್ದಳು. ಹೊಸ್ತಿಲು ದಾಟುವಾಗ ಹಿಂದಿನಿಂದ ಫಕೀರವ್ವನ ದನಿ ಬಂತು. "ಆ ಚೀಲಾನೂ ಒಯ್ಯಿ. ಮನ್ಯಾಗ ಇಡಬ್ಯಾಡ. ಇದ್ರ ನಾ ಕೇಳ್ತೀನಿ."

ಕೇಂದ್ರದ ನಿರ್ದೇಶಕ ಇನಾಮದಾರರು ಒಂದೇ ಸಲ ಕೇಳಿ ಅರ್ಥಮಾಡಿಕೊಂಡರು. ಬೈಯಲಿಲ್ಲ. "ಎಂದು ಗೊತ್ತಾತು ನಿಮಗ?" ಎಂದಷ್ಟೇ ಕೇಳಿದರು. ಅವಳು ದಿನಾಂಕ ಹೇಳಿದಳು. ಅವರು ಅದನ್ನು ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿ, ಫೋನು ಎತ್ತಿಕೊಂಡರು. ಆ ಪಾಠ ಕಲಿತ ಒಬ್ಬರೂ ಕಂಬ ಹತ್ತಬಾರದು. ರಾತ್ರಿಯೆಲ್ಲ ಒಬ್ಬೊಬ್ಬರಂತೆ ಊರೂರಿಗೆ ಕರೆ ಹೋಯಿತು. ಬೆಳಗಿನ ಒಂಬತ್ತರ ಹೊತ್ತಿಗೆ ಮುನ್ನೂರ ಹನ್ನೊಂದು ಜನರಿಗೆ ಸುದ್ದಿ ಮುಟ್ಟಿತ್ತು. ಸುಕಾಂತಿ ಬಸ್ಸಿನಿಂದ ಇಳಿದು ವಾಪಸು ಬಂದಳು.

ಮುನ್ನೂರ ಹನ್ನೆರಡನೆಯವನು ಬುಧುವಾ ಓರಾಂವ್. ಝಾರ್ಖಂಡಿನವನು. ಯಲಬುರ್ಗಾದ ಕಡೆಯ ಹಳ್ಳಿಯೊಂದರಲ್ಲಿ ಎಳೆಬಿಸಿಲಿನಲ್ಲೇ ಕಂಬ ಹತ್ತಿದ್ದ. ಅವನ ಫೋನು ಕಂಬದ ಬುಡದಲ್ಲಿ, ಊಟದ ಡಬ್ಬಿಯ ಚೀಲದಲ್ಲಿ ಏಳು ಸಲ ಬಡಿದುಕೊಂಡಿತ್ತು.

*

ನಡುಪಟ್ಟಿ ಕಟ್ಟಿದ್ದರಿಂದ ಬುಧುವಾ ಕೆಳಗೆ ಬೀಳದೆ ಕಂಬಕ್ಕೇ ಜೋತುಬಿದ್ದಿದ್ದ. ಜೀವ ಉಳಿಯಿತು. ಬಲಗೈಯ ಎರಡು ಬೆರಳು ಹೋದವು. ಯಾರದೋ ಮನೆಯ ಮಾಳಿಗೆಯ ಸೌರಫಲಕದ ಕರೆಂಟು ಹಿಂದಕ್ಕೆ ಹರಿದಿತ್ತು. ಮೂರನೆಯ ತಂತಿಗೆ.

ರತ್ನಮಾಲಾ ಆಸ್ಪತ್ರೆಗೆ ಹೋದಾಗ ಅವನು ಎಚ್ಚರವಿದ್ದ. ಅವಳನ್ನು ನೋಡಿ ಏಳಲು ಹೋದ.

"ಕುಂಡರ್ರಿ ಅಕ್ಕಾ. ತಪ್ಪು ನಂದ ರೀ. ಒಂದ ಮಲಗಿದ್ರ ಮೂರೂ ಮಲಗಿರ್ತಾವ ಅಂತ ಕೈ ಹೇಳ್ತು. ನಾ ಕೇಳಿದೆ. ಕೈನೂ ಒಮ್ಮೊಮ್ಮಿ ಸುಳ್ಳ ಹೇಳ್ತೈತಿ ನೋಡ್ರಿ."

'ನೋಡ್ರಿ' ಎಂಬುದನ್ನು ಎಳೆದು ಕೊನೆಯಲ್ಲಿ ಸಣ್ಣಗೆ ನಕ್ಕು ನುಂಗುವ ರೀತಿ. ತಪ್ಪು ಮಾಡಿ ಮನೆಗೆ ಬಂದ ದಿನ ಮೈಲಾರಿ ಬಾಗಿಲಲ್ಲಿ ನಿಂತು ಹೀಗೇ ಹೇಳುತ್ತಿದ್ದ. ಗಿರಣಿಯ ಮುಂದಿನ ಕಂಬದಿಂದ ಜೀವಂತ ಇಳಿದಿದ್ದರೆ ಇದನ್ನೇ, ಇಷ್ಟನ್ನೇ ಹೇಳುತ್ತಿದ್ದ. ಹದಿನಾಲ್ಕು ತಿಂಗಳು ಅವಳು ಯಾವ ಮಾತಿಗೆ ಕಾದಿದ್ದಳೋ ಅದು ಬೇರೆಯವನ ಬಾಯಿಂದ, ಬೇರೆಯವನ ಬೆರಳಿನ ಬೆಲೆಗೆ ಬಂದಿತ್ತು.

"ತಪ್ಪು ನಿಂದಲ್ಲ," ಎಂದಳು. ಯಾರಿಗೆ ಹೇಳಿದೆನೆಂದು ಅವಳಿಗೇ ತಿಳಿಯಲಿಲ್ಲ. ಆಮೇಲೆ, ಬುಧುವಾನಿಗೇ ತಿಳಿಯುವಂತೆ ನಿಧಾನವಾಗಿ ಹೇಳಿದಳು. "ನನಗ ಗೊತ್ತಾಗಿ ಮೂರು ದಿನ ಆಗಿತ್ತು. ನಾನು ಹೇಳಿರಲಿಲ್ಲ."

"ಏನ್ರಿ ಅಕ್ಕಾ?"

ಅವಳು ಮತ್ತೊಮ್ಮೆ ಹೇಳಿದಳು. ಅವನು ಬ್ಯಾಂಡೇಜು ಸುತ್ತಿದ ಕೈ ನೋಡಿದ. ಆಮೇಲೆ ಅವಳ ಮುಖ ನೋಡಿದ. ಗೋಡೆಯ ಕಡೆ ಮಗ್ಗುಲಾಗಿ ತನ್ನ ಭಾಷೆಯಲ್ಲಿ ಏನೋ ಅಂದ. ಅವಳಿಗೆ ಆ ಭಾಷೆ ಬಾರದು. ಆ ದನಿಯಲ್ಲಿ ಮೈಲಾರಿಯ ರಾಗ ಚೂರೂ ಇರಲಿಲ್ಲ. ಅವಳು ಹೊರಗೆ ಬಂದಳು.

*

ಕಲಿತದ್ದನ್ನು ಕೈಯಿಂದ ಅಳಿಸಲು ಬರುವುದಿಲ್ಲ. ಅದರ ಮೇಲೆ ಇನ್ನೊಂದು ಕೈಯನ್ನು ಕೂರಿಸಬಹುದು, ಅಷ್ಟೆ. ಮೂರು ತಂತಿಗೆ ಮೂರು ಸಲ ರಾಡ್ ಹಾಕುವ ಕೈ ಬೇಕಿತ್ತು. ಹಾಗೆ ಹಾಕುವವನು ಒಬ್ಬನೇ ಎಂದು ಎಲ್ಲರಿಗೂ ಗೊತ್ತಿತ್ತು.

"ಮಾತಾಡ್ಕೋತ ಮಾಡೂ ಕೆಲಸ ಅಲ್ಲವ್ವಾ ಇದು," ಎಂದ ಹುಚ್ಚೀರಪ್ಪ ಮೇಸ್ತ್ರಿ. ಎಪ್ಪತ್ತೆರಡು ವರ್ಷ. ತೋಳಂಗಿ ಅವನ ಒಣಗಿದ ತೋಳಿನ ಮೇಲೆ ಸಡಿಲವಾಗಿ ಸುಕ್ಕುಗಟ್ಟಿತ್ತು.

"ಮಾತಿಲ್ದ ಪಾಠ ಹಿಡಿಯೂದಿಲ್ಲ ಅಜ್ಜಾ. ಹಳೇ ಮಾತಿನ ಜಾಗಾಕ್ಕ ಹೊಸಾ ಮಾತು ಬೇಕು."

"ನನಗ ಬರೂ ಮಾತು ನಿನ್ನ ಮುಂದ ಆಡೂವಂಥಾವಲ್ಲ."

"ಆಡ್ರಿ. ನಾ ಕೇಳೇನಿ, ಎಂಟು ದಿನ ಬರಕೊಂಡೀನಿ."

ಮುದುಕ ನಗಲಿಲ್ಲ. ಮೀಸೆಯಷ್ಟೇ ಅಲುಗಿತು. ರಾಡ್ ಎತ್ತಿ ಭುಜಕ್ಕೆ ಒರಗಿಸಿದ.

"ಮೂರಕ್ಕೂ ಹಾಕ್ಲೇ ಅಂತ ನಾ ಅವಗ ಒಮ್ಮಿ ಹೇಳಿದ್ದೆ," ಎಂದ. "ಮತ್ತೊಮ್ಮಿ ಹೇಳ್ಲಿಲ್ಲ. ಅಂವ ಬಿಟ್ಟಾನ ಅಂತ ನನಗ ಅನುಮಾನ ಇತ್ತು. ಒಮ್ಮಿ ಹೇಳಿದ್ದನ್ನ ಎರಡ್ನೇ ಸಲ ಯಾಕ ಹೇಳ್ಬೇಕು ಅಂತ ಸುಮ್ನಾದೆ. ನನಗ ಮಾತು ಕಡಿಮಿ."

ರತ್ನಮಾಲಾ ಗಂಟಲಿನ ಪಟ್ಟಿಯನ್ನು ಅವನ ಕೊರಳಿಗೆ ಕಟ್ಟಿದಳು.

ಅಭ್ಯಾಸದ ಕಂಬ ಗಿಡ್ಡದು. ಅವನಿಗೆ ಏಣಿಯ ನಾಲ್ಕು ಮೆಟ್ಟಿಲು ಸಾಕಾದವು. ಈ ಸಲ ಅವಳು ಪರದೆಯನ್ನು ನೆಲದ ಮೇಲಿಟ್ಟು ಕತ್ತೆತ್ತಿ ನಿಂತಳು. ಅವನು ಮೊದಲ ತಂತಿಗೆ ರಾಡ್ ಸಿಕ್ಕಿಸಿದ. ಠಣ್. ತಂತಿಯನ್ನೇ ದಿಟ್ಟಿಸಿದ.

"ನಂಬೂದಿಲ್ಲ ನಿನ್ನ."

ಎರಡನೆಯದಕ್ಕೆ. ಠಣ್. "ನಿನ್ನೂ ನಂಬೂದಿಲ್ಲ."

ಮೂರನೆಯದಕ್ಕೆ ಕೈಚಾಚುವ ಮೊದಲು ಒಂದು ಗಳಿಗೆ ನಿಂತ. ಠಣ್. "ನಿನ್ನಂತೂ ನಂಬೂದ ಇಲ್ಲ," ಎಂದ. ಅವನ ದನಿ ಒಡೆದಿತ್ತು. ಯಂತ್ರ ಅದನ್ನೂ ಹಿಡಿದುಕೊಂಡಿತು.

ಆರುನೂರು ಸಲ ಮಾಡಿಸಿದಳು. ಅವನ ಕೈ ಒಂದು ಸಲವೂ ತಪ್ಪಲಿಲ್ಲ. ಧ್ವನಿಯನ್ನು ಪಾಠಕ್ಕೆ ಸಿದ್ಧಮಾಡುವಾಗ ರತ್ನಮಾಲಾ ಠಣ್ ಅನ್ನು ತೆಗೆಯಲಿಲ್ಲ. ಮಾತಿಗಿಂತ ಒಂದು ಕೂದಲಷ್ಟು ಮುಂಚೆ, ಮಾತಿಗಿಂತ ಜೋರಾಗಿ ಉಳಿಸಿದಳು.

ಮರುಪಾಠಕ್ಕೆ ಜನ ತಂಡತಂಡವಾಗಿ ಬಂದರು. ಎರಡು ತಿಂಗಳಲ್ಲಿ ಕೇಂದ್ರದ ರಾಗವೇ ಬದಲಾಯಿತು. ಊಟದ ಮನೆಯಲ್ಲಿ ಉಕ್ಕುವ ಹಾಲಿಗೆ, ಬಾಗಿಲಿನ ಅಗುಳಿಗೆ, ತೂಗುವ ಬಲ್ಬಿಗೆ, ಎಲ್ಲದಕ್ಕೂ ಯಾರಾದರೂ ಹುಬ್ಬು ಗಂಟಿಕ್ಕಿ 'ನಂಬೂದಿಲ್ಲ ನಿನ್ನ' ಅನ್ನುತ್ತಿದ್ದರು. ನಟ್ಟಿಗೆ 'ತಡೀಲೇ ಮಗನ' ಎನ್ನುವವರು ಒಬ್ಬೊಬ್ಬರೇ ಕಡಿಮೆಯಾದರು. ಒಂದು ದಿನ ಒಬ್ಬರೂ ಉಳಿಯಲಿಲ್ಲ. ಅದು ಯಾವ ದಿನವೆಂದು ರತ್ನಮಾಲಾ ಗಮನಿಸಲು ಹೋಗಲಿಲ್ಲ. ಆದರೂ ಗಮನಕ್ಕೆ ಬಂತು.

ಕೊಪ್ಪಳಕ್ಕೆ ಹೊರಡುವ ಮುಂಚೆ ಸುಕಾಂತಿ ಹೇಳಿಹೋಗಲು ಬಂದಳು. ರತ್ನಮಾಲಾ ಕೆಮ್ಮುತ್ತಿದ್ದಳು.

"ಮತ್ತ ಜ್ವರ ಏನ್ರಿ ಅಕ್ಕಾ?"

"ಗೊತ್ತಿಲ್ಲ. ನೋಡು," ಎಂದು ಮುಖ ಎತ್ತಿದಳು. ಎತ್ತಬಾರದೆಂದು ಗೊತ್ತಿದ್ದೂ ಎತ್ತಿದಳು.

ಸುಕಾಂತಿಯ ಬಲಗೈ ಎದ್ದಿತು. ಹಣೆಯಿಂದ ಗೇಣುದ್ದ ದೂರದಲ್ಲಿ ನಿಂತಿತು. ಅಲ್ಲಿಂದ ಮೇಜಿನ ಖಾನೆಗೆ ಹೋಗಿ, ಥರ್ಮಾಮೀಟರ್ ಹುಡುಕಿ ತೆಗೆಯಿತು.

"ಬಾಯಿ ತೆಗೀರಿ. ಹಣಿ ನಂಬೂದಿಲ್ಲ ನಾ."

ರತ್ನಮಾಲಾ ಬಾಯಿ ತೆರೆದಳು.

*

ಮೈಲಾರಿಯ ಪಾಠವನ್ನು ಅಳಿಸಿದ ದಿನ ಇನಾಮದಾರರು ಅವಳನ್ನು ಕರೆದು, "ನೀವೇ ಒತ್ತತೀರೋ, ನಾ ಒತ್ತಲೋ?" ಎಂದು ಕೇಳಿದರು. ಅವಳೇ ಒತ್ತಿದಳು. ಏನೂ ಸದ್ದಾಗಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಫಕೀರವ್ವ ಪಡಸಾಲೆಯಲ್ಲಿ ಚಾಪೆಯ ಮೇಲೆ ಒರಗಿದ್ದಳು. ಕಣ್ಣು ಮುಚ್ಚಿತ್ತು. ಈಚೆಗೆ ಅವಳು ಸಂಜೆ ಮುಖ ತೊಳೆದು ಕಾಯುತ್ತಿರಲಿಲ್ಲ. ಮಲಗಿದ್ದಾಳೋ ಸುಮ್ಮನೆ ಬಿದ್ದುಕೊಂಡಿದ್ದಾಳೋ ತಿಳಿಯದೆ ರತ್ನಮಾಲಾ ಬಳಿಗೆ ಹೋಗಿ ಬಗ್ಗಿದಳು.

ಕೈ ಹೋಯಿತು. ತೋಳಿನ ಮೇಲೆ ಸೀರೆಯ ಸೆರಗಿನ ಹೊರತು ಏನೂ ಇರಲಿಲ್ಲ. ನಾಲ್ಕು ಬೆರಳಿನ ಹಿಂಬದಿ ಹಣೆಯ ಎಡತುದಿಗೆ ತಾಗಿ, ಅರ್ಧ ದಾಟಿ ನಿಂತಿತು. ಎರಡು ಉಸಿರು. ಕಿರುಬೆರಳು ತಟ್ಟಿತು.

ಮುದುಕಿ ಕಣ್ಣು ತೆರೆಯಲಿಲ್ಲ. ತುಟಿಯ ಒಂದು ಮೂಲೆ ಮಾತ್ರ, ಕಳ್ಳನಿದ್ದೆಯ ಮಗುವಿನಂತೆ, ಸ್ವಲ್ಪ ಮೇಲಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ಕೇಂದ್ರದಲ್ಲಿ ರತ್ನಮಾಲಾ ಮರುಪಾಠದ ಪಟ್ಟಿ ತೆಗೆದಳು. ಮುನ್ನೂರ ಹನ್ನೆರಡು ಹೆಸರು. ಮುನ್ನೂರ ಹನ್ನೊಂದು ಹೆಸರುಗಳ ಮುಂದೆ 'ಹೊಸ ಪಾಠ ಹಿಡಿದಿದೆ' ಎಂದು ಗುರುತಿತ್ತು. ಬುಧುವಾನ ಹೆಸರಿನ ಮುಂದೆ ಇನಾಮದಾರರು ಬರೆದಿದ್ದರು: 'ಕಚೇರಿ ಕೆಲಸಕ್ಕೆ.' ಅವಳು ಪೆನ್ನು ತೆಗೆದು, ಕೆಳಗೆ ಇನ್ನೊಂದು ಗೆರೆ ಎಳೆದು, ಮುನ್ನೂರ ಹದಿಮೂರು ಎಂದು ಹಾಕಿ ತನ್ನ ಹೆಸರು ಬರೆದಳು. ಹೊಸ ಪಾಠದ ಜಾಗವನ್ನು ಖಾಲಿ ಬಿಟ್ಟಳು. ಷರಾದ ಜಾಗದಲ್ಲಿ ಬರೆದಳು: 'ಇವರು ಕಂಬ ಹತ್ತಬಾರದು.'